ಡ್ರೋನ್ ಬಿತ್ತಿದ ರಾಗಿ ಮುಚ್ಚೋರು ಯಾರು?

ಡ್ರೋನ್‌ನಿಂದ ಬಿತ್ತನೆ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಯೂಟ್ಯೂಬ್‌ನ ಚೀನಾ ವಿಡಿಯೋಗಳು. ಕೆಸರು ಮಾಡಿದ ಗದ್ದೆ, ಮೇಲೆ ದೊಡ್ಡ ಡ್ರೋನ್, ಅದರ ಹೊಟ್ಟೆಯಿಂದ ಮಳೆ ಥರ ಉದುರುವ ಬೀಜ. ನೋಡ್ತಾ ನೋಡ್ತಾ ಗದ್ದೆ ಮುಗಿದೇ ಹೋಗಿರುತ್ತೆ. ಮಿನಿ ಪ್ರಾಜೆಕ್ಟ್ ಟಾಪಿಕ್ ಹುಡುಕುವ ವಾರದಲ್ಲಿ ನಮ್ಮ ಕ್ಲಾಸಿನ ಒಂದೆರಡು ಟೀಮ್ ಆದರೂ ಈ ವಿಡಿಯೋ ಹತ್ತಿರ ಬಂದು ನಿಲ್ಲುತ್ತವೆ. ಈ ಲೇಖನದಲ್ಲಿ ಅದೇ ಡ್ರೋನನ್ನು ಗದ್ದೆಯಿಂದ ಎತ್ತಿಕೊಂಡು ಬಂದು ಘಾಟಿ ಸುಬ್ರಹ್ಮಣ್ಯದ ಸುತ್ತಮುತ್ತ ಇರುವ ರಾಗಿ ಹೊಲದ ಮೇಲೆ ಹಾರಿಸಿ ನೋಡೋಣ. ಪೇಪರ್ ಮೇಲೆ ಮಾತ್ರ. ಫಸ್ಟ್ ಇಯರ್ ಫಿಸಿಕ್ಸ್ ಮತ್ತು ಸ್ವಲ್ಪ ಫ್ಲೂಯಿಡ್ ಮೆಕ್ಯಾನಿಕ್ಸ್ ಗೊತ್ತಿದ್ದರೆ ಸಾಕು.

ಘಾಟಿ ಯಾಕೆ ಅಂದ್ರೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಕಡೆ ಕೆಂಪು ಮಣ್ಣು, ಮಳೆ ನಂಬಿದ ಬೇಸಾಯ, ಮುಖ್ಯ ಬೆಳೆ ರಾಗಿ. ಇನ್ನೊಂದು ಕಾರಣ ಅಲ್ಲಿನ ದನಗಳ ಜಾತ್ರೆ. ದೇವಸ್ಥಾನಕ್ಕೆ ಹೋದವರಿಗೆ ನಾಗರ ಕಲ್ಲುಗಳು ನೆನಪಿರುತ್ತವೆ. ರೈತರಿಗೆ ನೆನಪಿರೋದು ಡಿಸೆಂಬರ್-ಜನವರಿ ಹೊತ್ತಿಗೆ, ಪುಷ್ಯ ಮಾಸದ ರಥೋತ್ಸವದ ಆಸುಪಾಸಿನಲ್ಲಿ ಸೇರುವ ಹಳ್ಳಿಕಾರ್ ಎತ್ತುಗಳು. ರಾಗಿ ಕೊಯ್ಲು ಮುಗಿದು ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುವ ಕಾಲ, ಮುಂದಿನ ಮುಂಗಾರಿಗೆ ಜೋಡಿ ಹುಡುಕುವ ಕಾಲ. ಈಗ ಅದೇ ಸೀಮೆಯಲ್ಲಿ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಸೀಮೆಹಸು ಇದೆ, ಎತ್ತು ಇಲ್ಲ. ಮಕ್ಕಳು ಫ್ಯಾಕ್ಟರಿಗೋ ಏರ್‌ಪೋರ್ಟ್ ಕಡೆ ಕೆಲಸಕ್ಕೋ ಹೋಗ್ತಾರೆ. ಹಾಗಾಗಿ "ಬಿತ್ತೋರು ಯಾರು" ಅನ್ನೋದು ಅಲ್ಲಿ ನಿಜವಾದ ಪ್ರಶ್ನೆ, ನಮ್ಮ ಪಿಪಿಟಿಯ ಪ್ರಾಬ್ಲಮ್ ಸ್ಟೇಟ್‌ಮೆಂಟ್ ಸ್ಲೈಡಿಗೆ ಹುಟ್ಟಿಸಿದ್ದಲ್ಲ.

ಮೊದಲು ಕೂರಿಗೆಯನ್ನು ಅರ್ಥ ಮಾಡಿಕೊಳ್ಳೋಣ

ಡ್ರೋನ್ ಯಾವುದರ ಜಾಗಕ್ಕೆ ಬರಬೇಕು ಅಂತ ಗೊತ್ತಿಲ್ಲದೆ ಅದನ್ನು ಡಿಸೈನ್ ಮಾಡೋಕಾಗಲ್ಲ. ಅದು ಬರಬೇಕಾಗಿರೋದು ಕೂರಿಗೆಯ ಜಾಗಕ್ಕೆ. ಮರದ ದಿಂಡು, ಅದಕ್ಕೆ ಸಾಲಾಗಿ ತಾಳುಗಳು, ಪ್ರತಿ ತಾಳಿನ ಹಿಂದೆ ಒಂದು ಬಿದಿರಿನ ಕೊಳವೆ. ಎಲ್ಲಾ ಕೊಳವೆಗಳೂ ಮೇಲೆ ಒಂದೇ ಮರದ ಬಟ್ಟಲಿಗೆ ಸೇರುತ್ತವೆ. ಎತ್ತು ಎಳೆಯುತ್ತೆ, ತಾಳು ಸಾಲು ಕೊರೆಯುತ್ತೆ, ಬಿತ್ತುವವರು ಬಟ್ಟಲಿಗೆ ಬೀಜ ಬಿಡುತ್ತಾ ನಡೆಯುತ್ತಾರೆ, ಬೀಜ ಕೊಳವೆಯಲ್ಲಿ ಇಳಿದು ಆಗಷ್ಟೇ ತೆರೆದ ಸಾಲಿನ ಹಸಿ ಮಣ್ಣಿಗೆ ಬೀಳುತ್ತೆ. ಹಿಂದೆಯೇ ಮಣ್ಣು ಮುಚ್ಚುವ ಕೆಲಸವೂ ನಡೆಯುತ್ತೆ. ಬೀಜ ಒಂದೇ ಸಮ ಇಳಿಯಲಿ ಅಂತ ರಾಗಿಗೆ ಜರಡಿ ಹಿಡಿದ ಗೊಬ್ಬರವನ್ನೋ ಮರಳನ್ನೋ ಬೆರೆಸುವುದುಂಟು. ನಮ್ಮ ಭಾಷೆಯಲ್ಲಿ ಹೇಳಿದರೆ ಫ್ಲೋ ರೇಟ್ ಕ್ಯಾಲಿಬ್ರೇಷನ್.

ಇದು ನಿನ್ನೆ ಮೊನ್ನೆಯದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರಕ್ಕೂ ಬಂದಿದ್ದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಕೂರಿಗೆಯ ವಿವರ ಇದೆ. ರಾಗಿ ಬಿತ್ತುವಾಗಲೇ ಅವರೆ, ತೊಗರಿಯ ಸಾಲನ್ನು ಬೇರೆ ಕೊಳವೆಯಲ್ಲಿ ಬಿಡುವುದನ್ನೂ ಅವನು ಬರೆದಿದ್ದಾನೆ. ಅದೇ ನಮ್ಮ ಅಕ್ಕಡಿ ಸಾಲು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅನ್ನೋ ಲೆಕ್ಕ ಇವತ್ತಿಗೂ ಕೃಷಿ ವಿಶ್ವವಿದ್ಯಾಲಯದವರ ಶಿಫಾರಸಿನಲ್ಲಿ ಇದೆ. ಒಂದೇ ಓಟದಲ್ಲಿ ಎರಡು ಬೆಳೆ, ಎರಡು ಸೀಡ್ ಸೈಜ್. ಮಲ್ಟಿ-ಕ್ರಾಪ್ ಪ್ಲಾಂಟರ್ ಅಂತ ನಾವು ಹೆಸರಿಡುವುದಕ್ಕೆ ಎಷ್ಟೋ ಮೊದಲೇ ಅದು ಹೊಲದಲ್ಲಿತ್ತು.

ಸಾಲು ಯಾಕೆ ಇಷ್ಟು ಮುಖ್ಯ? ಸಿಟಿಯಲ್ಲಿ ಬೆಳೆದ ನನ್ನಂಥವರಿಗೆ ಸಾಲು ಅಂದ್ರೆ ನೋಡೋಕೆ ಚೆಂದ, ಅಷ್ಟೇ. ವಿಷಯ ಕಳೆಯದು. ಸಾಲು ನೇರ ಇದ್ದರೆ ಮಧ್ಯದಲ್ಲಿ ಕುಂಟೆ ಹೊಡೆದು ಕಳೆ ತೆಗೀಬಹುದು. ಎರಚಿ ಬಿತ್ತಿದರೆ ಕುಂಟೆ ಹೋಗೋ ದಾರಿ ಇರಲ್ಲ, ಆಳುಗಳು ಕೂತು ಕೈಯಲ್ಲೇ ಕೀಳಬೇಕು. ಆಳಿಲ್ಲ ಅಂತಲೇ ಡ್ರೋನ್ ತಂದು, ಅದು ಎರಚಿ ಹೋದಮೇಲೆ ಕಳೆಗೆ ಇನ್ನೂ ಜಾಸ್ತಿ ಆಳು ಹುಡುಕುವ ಹಾಗಾದರೆ ಏನು ಬಂತು?

ಒಂದು ಎಕರೆಯ ಲೆಕ್ಕ

ಸಾವಿರ ರಾಗಿ ಕಾಳು ತೂಗಿದರೆ ಎರಡೂವರೆಯಿಂದ ಮೂರು ಗ್ರಾಂ. ಲೆಕ್ಕಕ್ಕೆ 2.6 ಇಟ್ಟುಕೊಳ್ಳೋಣ. ಸಾಲಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಅಂದ್ರೆ ಒಂದು ಎಕರೆಗೆ (4,047 ಚದರ ಮೀಟರ್) ಸುಮಾರು 1.35 ಲಕ್ಷ ಗಿಡ. ಒಂದು ಗಿಡಕ್ಕೆ ಒಂದೇ ಕಾಳು ಅಂತ ಇಟ್ಟರೆ ಬೇಕಾಗಿರೋದು 350 ಗ್ರಾಂ. ಆದರೆ ಕೂರಿಗೆಯಲ್ಲಿ ಬಿತ್ತುವಾಗ ಎಕರೆಗೆ ನಾಲ್ಕು ಕೆ.ಜಿ. ಆಸುಪಾಸು ಬೀಜ ಹೋಗುತ್ತೆ, ಎರಚಿದರೆ ಅದಕ್ಕಿಂತ ಜಾಸ್ತಿ. ನಾಲ್ಕು ಕೆ.ಜಿ. ಅಂದ್ರೆ ಹದಿನೈದು ಲಕ್ಷ ಕಾಳು. ಒಂದು ಗಿಡದ ಜಾಗಕ್ಕೆ ಹನ್ನೊಂದು ಕಾಳು! ಆಮೇಲೆ ಪೈರು ಒತ್ತಾಯ್ತು ಅಂತ ಕಿತ್ತು ತೆಳುವು ಮಾಡಬೇಕು.

ಇಲ್ಲಿ ಇಂಜಿನಿಯರಿಗೆ ಖುಷಿಯಾಗುತ್ತೆ, ಹನ್ನೊಂದು ಪಟ್ಟು ಇಂಪ್ರೂವ್‌ಮೆಂಟ್‌ಗೆ ಜಾಗ ಇದೆ ಅಂತ. ಸ್ವಲ್ಪ ತಾಳಿ. ರಾಗಿ ಬೀಜ ಅಂಥ ದುಬಾರಿ ಅಲ್ಲ. ಮೂರೂವರೆ ಕೆ.ಜಿ. ಉಳಿಸಿದರೆ ರೈತನಿಗೆ ಸಿಗುವ ಲಾಭ ಒಂದು ದಿನದ ಕೂಲಿಗೂ ಸಮ ಬರಲ್ಲ. ಇಲ್ಲಿ ಉಳಿಸಬೇಕಾಗಿರೋದು ಕಳೆ ಮತ್ತು ತೆಳುವು ಮಾಡುವ ಕೆಲಸವನ್ನು. ಅಂದ್ರೆ ಬೀಜ ಕಮ್ಮಿ ಆದರೆ ಸಾಲದು, ಬಿದ್ದ ಜಾಗ ಸರಿ ಇರಬೇಕು.

ಗಾಳಿಯಲ್ಲಿ ಒಂದು ಕಾಳಿನ ಮುಕ್ಕಾಲು ಸೆಕೆಂಡ್

ಈಗ ಡ್ರೋನ್. ಮಾರುಕಟ್ಟೆಯಲ್ಲಿರುವ ಬಹುತೇಕ ಅಗ್ರಿ ಡ್ರೋನ್‌ಗಳಲ್ಲಿ ಔಷಧಿ ಟ್ಯಾಂಕ್ ಬಿಚ್ಚಿ ಅದೇ ಜಾಗಕ್ಕೆ ಬೀಜದ ಡಬ್ಬ ಹಾಕ್ತಾರೆ, ಕೆಳಗೆ ಗಿರ್ರನೆ ತಿರುಗುವ ಒಂದು ತಟ್ಟೆ. ತಟ್ಟೆ ಬೀಜವನ್ನು ಸುತ್ತಲೂ ಚೆಲ್ಲುತ್ತೆ. ಇದು ಎರಚು ಬಿತ್ತನೆಯೇ, ಕೈ ಬದಲು ಮೋಟಾರ್ ಅಷ್ಟೇ. ಸಾಲಿಗೆ ಬೇಕು ಅಂದ್ರೆ ತಟ್ಟೆ ತೆಗೆದು ಸಾಲಾಗಿ ಕೊಳವೆ ಜೋಡಿಸಬೇಕು, ಅಂದ್ರೆ ಹಾರುವ ಕೂರಿಗೆ. ನಮ್ಮದು ಅಂಥದ್ದೇ ಅಂತ ಇಟ್ಟುಕೊಳ್ಳೋಣ: ಮೂರು ಮೀಟರ್ ಅಗಲ, ಹತ್ತು ಕೊಳವೆ, ಎರಡು ಮೀಟರ್ ಎತ್ತರ, ಸೆಕೆಂಡಿಗೆ ಮೂರು ಮೀಟರ್ ವೇಗ. ಒಂದು ಎಕರೆ ಏಳೂವರೆ ನಿಮಿಷಕ್ಕೆ ಮುಗಿಯುತ್ತೆ (ತಿರುವು, ಬ್ಯಾಟರಿ ಬದಲಾವಣೆ ಬಿಟ್ಟು). ಇದು ಅದ್ಭುತವೇ, ಮುಚ್ಚಿಡೋದೇನಿಲ್ಲ.

ಸಾಲಿನ ಮೇಲೇ ಹಾರಬೇಕು ಅಂದ್ರೆ ಮೊಬೈಲ್‌ನ ಜಿಪಿಎಸ್ ಥರದ್ದು ನಡೆಯಲ್ಲ, ಅದರ ತಪ್ಪೇ ಕೆಲವು ಮೀಟರ್. ಆರ್‌ಟಿಕೆ ಬೇಕು. ಗೊತ್ತಿರುವ ಜಾಗದಲ್ಲಿ ನಿಂತ ಒಂದು ಬೇಸ್ ಸ್ಟೇಷನ್ ತನ್ನ ತಪ್ಪನ್ನು ಲೆಕ್ಕ ಹಾಕಿ ಡ್ರೋನ್‌ಗೆ ಕಳಿಸ್ತಾ ಇದ್ದರೆ ಎರಡು-ಮೂರು ಸೆಂ.ಮೀ. ನಿಖರತೆ ಸಿಗುತ್ತೆ. ಆದರೆ ನಿಖರವಾಗಿ ಗೊತ್ತಾಗೋದು ಡ್ರೋನ್ ಎಲ್ಲಿದೆ ಅಂತ. ಕಾಳು ಎಲ್ಲಿ ಬಿತ್ತು ಅಂತಲ್ಲ.

ರಾಗಿ ಕಾಳನ್ನು 1.5 ಮಿ.ಮೀ. ಗೋಳ ಅಂದುಕೊಂಡು ಡ್ರ್ಯಾಗ್ ಲೆಕ್ಕ ಹಾಕಿದರೆ ಅದರ ಟರ್ಮಿನಲ್ ವೆಲಾಸಿಟಿ ಸುಮಾರು 6 ಮೀ/ಸೆ. ಬರುತ್ತೆ. ಎರಡು ಮೀಟರ್ ಎತ್ತರದಿಂದ ನೆಲ ಮುಟ್ಟೋಕೆ 0.7 ಸೆಕೆಂಡ್, ಮುಟ್ಟುವಾಗಿನ ವೇಗ 5 ಮೀ/ಸೆ. ಆ 0.7 ಸೆಕೆಂಡಲ್ಲಿ ಅಡ್ಡ ಗಾಳಿ 3 ಮೀ/ಸೆ. (ಗಂಟೆಗೆ 11 ಕಿ.ಮೀ. ಅಷ್ಟೇ, ಮುಖಕ್ಕೆ ತಂಪಾಗಿ ಬಡಿಯೋ ಗಾಳಿ) ಇದ್ದರೆ ಕಾಳು ಪಕ್ಕಕ್ಕೆ ಸರಿಯೋದು ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸಾಲಿನ ಅಂತರ ಎಷ್ಟು? 30 ಸೆಂ.ಮೀ. ಅಂದ್ರೆ ಒಂದನೇ ಸಾಲಿಗೆ ಬಿಟ್ಟ ಬೀಜ ಹೆಚ್ಚು ಕಮ್ಮಿ ಮೂರನೇ ಸಾಲಲ್ಲಿರುತ್ತೆ. ಗಾಳಿ ಒಂದೇ ಸಮ ಬೀಸಿದರೆ ಇದನ್ನೂ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಬಹುದು. ಆದರೆ ರಾಗಿ ಬಿತ್ತನೆ ಬರೋದೇ ಜೂನ್, ಜುಲೈ, ಆಗಸ್ಟ್‌ನಲ್ಲಿ. ಆಷಾಢದ ಗಾಳಿ ಒಂದೇ ಸಮ ಬೀಸುತ್ತೆ ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?

ಒಂದು ಸಮಾಧಾನ ಇದೆ. ಸಾಲಿನ ಉದ್ದಕ್ಕೆ ಕಾಳು ಹಿಂದೆ ಮುಂದೆ ಆದರೆ ದೊಡ್ಡ ನಷ್ಟ ಇಲ್ಲ, ಕುಂಟೆ ಹೇಗೂ ಹೋಗುತ್ತೆ. ಅಡ್ಡಕ್ಕೆ ಸರಿದರೆ ಮಾತ್ರ ಕಷ್ಟ. ಹಾಗಾಗಿ ಗಾಳಿ ಬೀಸುವ ದಿಕ್ಕಿಗೇ ಸಾಲು ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತೆ. ಇಳಿಜಾರಿನ ಹೊಲದಲ್ಲಿ ಇದಕ್ಕೂ ಅವಕಾಶ ಇಲ್ಲ, ಅಲ್ಲಿ ಇಳಿಜಾರಿಗೆ ಅಡ್ಡವಾಗಿಯೇ ಸಾಲು ಇರಬೇಕು, ಇಲ್ಲದಿದ್ದರೆ ಮಳೆ ಬಂದರೆ ಮಣ್ಣು ಸಮೇತ ಬೀಜ ಕೆರೆ ಸೇರುತ್ತೆ. ಘಾಟಿ ಸುತ್ತ ಬೆಟ್ಟದ ಬುಡದ ಹೊಲಗಳು ಬೇಕಾದಷ್ಟಿವೆ.

ಇನ್ನೂ ದೊಡ್ಡ ಗಾಳಿ ಡ್ರೋನ್‌ನದ್ದೇ. ತುಂಬಿದ ಡ್ರೋನ್ 25 ಕೆ.ಜಿ., ಆರು ರೋಟರ್, ಪ್ರತಿಯೊಂದೂ 30 ಇಂಚು ಅಂತ ಇಟ್ಟುಕೊಂಡು ಮೊಮೆಂಟಮ್ ಥಿಯರಿ ಹಾಕಿ. ರೋಟರ್ ಹತ್ತಿರ ಗಾಳಿಯ ವೇಗ 6.4 ಮೀ/ಸೆ., ಇನ್ನೂ ಕೆಳಗೆ ಅದರ ಎರಡರಷ್ಟು. ಅಂದ್ರೆ ರಾಗಿ ಕಾಳು ತಾನಾಗಿ ಬೀಳಬಲ್ಲ ಗರಿಷ್ಠ ವೇಗಕ್ಕಿಂತ ಡ್ರೋನ್ ಊದುವ ಗಾಳಿಯೇ ಜೋರು. ಆ ಗಾಳಿ ನೆಲ ಮುಟ್ಟಿದಮೇಲೆ ಹೋಗೋಕೆ ಜಾಗ ಇಲ್ಲದೆ ನಾಲ್ಕೂ ಕಡೆ ಹರಡುತ್ತೆ, ಹರಡುವಾಗ ಕಾಳನ್ನೂ ದೂಳನ್ನೂ ಎತ್ತಿಕೊಂಡೇ ಹೋಗುತ್ತೆ. ಔಷಧಿ ಸಿಂಪಡಣೆಯಲ್ಲಿ ಇದೇ ಗಾಳಿ ವರ, ಎಲೆ ತಿರುಗಿಸಿ ಅಡಿಗೂ ಹನಿ ಮುಟ್ಟಿಸುತ್ತೆ. ಬಿತ್ತನೆಯಲ್ಲಿ ತಲೆನೋವು.

ಮುಚ್ಚೋರ್ಯಾರು?

ಇಷ್ಟೆಲ್ಲ ಲೆಕ್ಕ ನೋಟ್‌ಬುಕ್‌ನಲ್ಲಿ ಇಟ್ಟುಕೊಂಡು ನಮ್ಮ ದೊಡ್ಡಪ್ಪನ ಹತ್ತಿರ ಮಾತಾಡಿದೆ. ಅವರದ್ದು ಆ ಕಡೆ ಎರಡು ಎಕರೆ ಹೊಲ ಇದೆ. ಗಾಳಿ, ಆರ್‌ಟಿಕೆ ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ಅದೆಲ್ಲ ಸರಿ ಮಗ, ಮೇಲಿಂದ ಉದುರಿಸಿ ಹೋಯ್ತದೆ. ಮುಚ್ಚೋರ್ಯಾರು?" ಅಂದ್ರು.

ನಾವು ಎಕ್ಸ್, ವೈ ಲೆಕ್ಕ ಹಾಕ್ತಾ ಕೂತಿರುತ್ತೇವೆ. ರಾಗಿ ಮೊಳೆಯೋದು ಝಡ್ ಮೇಲೆ. ಎರಡು-ಮೂರು ಸೆಂ.ಮೀ. ಆಳ ಬೇಕು. ಅಲ್ಲಿ ಹಸಿ ಇರುತ್ತೆ, ಮೇಲಿನ ಮಣ್ಣು ಒಂದೇ ಬಿಸಿಲಿಗೆ ಒಣಗುತ್ತೆ. ಮೇಲೆ ಉಳಿದ ಕಾಳು ಇರುವೆಗೆ, ಗುಬ್ಬಿಗೆ. ಇನ್ನೂ ಕೆಟ್ಟ ಸಂದರ್ಭ ಅಂದ್ರೆ ತುಂತುರು ಮಳೆಗೆ ಮೊಳಕೆ ಒಡೆದು, ಬೇರು ಇಳಿಯೋಕೆ ಮುಂಚೆ ಬಿಸಿಲು ಬಂದು ಒಣಗೋದು.

ಬೀಳುವ ವೇಗಕ್ಕೇ ಕಾಳು ಮಣ್ಣಿಗೆ ಇಳಿಯಲ್ವಾ? ಲೆಕ್ಕ ಹಾಕೋಣ. 2.6 ಮಿಲಿಗ್ರಾಂ ಕಾಳು 5 ಮೀ/ಸೆ. ವೇಗದಲ್ಲಿ ಬಂದರೆ ಅದರ ಚಲನ ಶಕ್ತಿ ಒಂದು ಜೂಲ್‌ನ ಲಕ್ಷದಲ್ಲಿ ಮೂರು ಭಾಗ. ಉತ್ತು ಹದ ಮಾಡಿದ ಪುಡಿ ಮಣ್ಣು, ತಡೆ ಬರೀ 10 ಕಿಲೋಪಾಸ್ಕಲ್ ಅಂತ ಉದಾರವಾಗಿ ಇಟ್ಟುಕೊಂಡರೂ ಕಾಳು ಇಳಿಯೋದು ಎರಡು ಮಿ.ಮೀ. ಒಳಗೆ. ಡ್ರೋನ್ ಗಾಳಿ ಸೇರಿ ವೇಗ ಎರಡರಷ್ಟಾಯಿತು ಅನ್ನಿ, ಶಕ್ತಿ ನಾಲ್ಕು ಪಟ್ಟು, ಆಳ ಏಳು ಮಿ.ಮೀ. ಬೇಕಾದ್ದರಲ್ಲಿ ಮೂರನೇ ಒಂದು ಭಾಗ. ಕಾಳಿಗೆ ಮಣ್ಣು ಮೆತ್ತಿ ದಪ್ಪ ಉಂಡೆ ಮಾಡಬಹುದು, ಆಗ ಇಳಿಯುತ್ತೆ. ಆದರೆ ಎಕರೆಗೆ ಲಕ್ಷಗಟ್ಟಲೆ ಉಂಡೆ ಮಾಡಿ, ಅದನ್ನು ಹೊರೋಕೆ ಬ್ಯಾಟರಿ ಸುಡಬೇಕು. ಬೇರೆ ದಾರಿ ಅಂದ್ರೆ ಡ್ರೋನ್ ಹೋದಮೇಲೆ ಟ್ರ್ಯಾಕ್ಟರ್‌ನಲ್ಲೋ ಎತ್ತಿನಲ್ಲೋ ಮೆಲ್ಲಗೆ ಮುಚ್ಚಿಸೋದು. ಮುಚ್ಚೋಕೆ ಟ್ರ್ಯಾಕ್ಟರ್ ಬರೋದೇ ಆದರೆ ಅದರ ಹಿಂದೆ ಸೀಡ್ ಡ್ರಿಲ್ ಕಟ್ಟಿದರೆ ಮುಗೀತಲ್ಲ, ಡ್ರೋನ್ ಯಾಕೆ?

ಹಾಗಾದರೆ ಡ್ರೋನ್ ಬಿತ್ತನೆ ಸುಳ್ಳಾ? ಅಲ್ಲ. ಯಾವ ಬೀಜಕ್ಕೆ ಆಳ ಬೇಡವೋ, ಎಲ್ಲಿ ಕಾಲಿಡೋಕಾಗಲ್ವೋ ಅಲ್ಲಿ ಅದು ನಿಜ. ಚೀನಾ ವಿಡಿಯೋದಲ್ಲಿ ಭತ್ತ ಯಾಕೆ ಇರುತ್ತೆ ಅಂತ ಈಗ ಅರ್ಥ ಆಗುತ್ತೆ. ಮೊಳಕೆ ಕಟ್ಟಿದ ಭತ್ತ ಕೆಸರಿನ ಮೇಲೆ ಬಿದ್ದರೂ ಬೇರು ಬಿಡುತ್ತೆ, ಕೆಸರು ತಾನೇ ಹಿಡಿದುಕೊಳ್ಳುತ್ತೆ, ಅದರಲ್ಲಿ ನಡೆಯೋದು ಮನುಷ್ಯನಿಗೂ ಯಂತ್ರಕ್ಕೂ ಕಷ್ಟ. ಕಾಳೂ ರಾಗಿಗಿಂತ ಎಷ್ಟೋ ಪಾಲು ತೂಕ. ಜಪಾನ್‌ನಲ್ಲಿ ಯಮಹಾದ ಆರ್‌ಮ್ಯಾಕ್ಸ್ ಅನ್ನೋ ಪೈಲಟ್ ಇಲ್ಲದ ಹೆಲಿಕಾಪ್ಟರ್ ಈಗಿನ ಡ್ರೋನ್‌ಗಳಿಗಿಂತ ಮುಂಚೆಯೇ ಗದ್ದೆಗಳ ಮೇಲೆ ಸಿಂಪಡಣೆ, ಬಿತ್ತನೆ ಎರಡೂ ಮಾಡುತ್ತಿತ್ತು. ನಮ್ಮಲ್ಲಿ ಇದನ್ನು ಮೊದಲು ನೋಡಬೇಕಾದ ಜಾಗ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಅಂತ ನನ್ನ ಅನಿಸಿಕೆ, ದೊಡ್ಡಬಳ್ಳಾಪುರ ಅಲ್ಲ.

ಎರಡನೇ ಜಾಗ ಬೆಟ್ಟ. ಇದಕ್ಕೆ ದೂರ ಹೋಗಬೇಕಿಲ್ಲ. ಘಾಟಿಯಿಂದ ಉತ್ತರಕ್ಕೆ ಹೋದರೆ ಸಿಗುವ ಗೌರಿಬಿದನೂರು ಸೀಮೆಯಲ್ಲಿ, ಉತ್ತರ ಪಿನಾಕಿನಿ ನದಿ ಪಾತ್ರದ ಬೋಳು ನೆಲದ ಮೇಲೆ ಡ್ರೋನ್‌ನಿಂದ ಬೀಜ ಹಾಕುವ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2017ರಲ್ಲಿ ಕೈಗೆತ್ತಿಕೊಂಡಿದ್ದರು. ಕಾಡು ಬೆಳೆಸುವಾಗ ಸಾಲು ಬೇಡ, ಕುಂಟೆ ಬೇಡ, ನೂರಕ್ಕೆ ಕೆಲವೇ ಬೀಜ ಹುಟ್ಟಿದರೂ ಕಾಡಿಗೆ ಅದು ಲಾಭವೇ. ಬಂಡೆ ಹತ್ತಿ ಗುಂಡಿ ತೋಡೋದಕ್ಕಿಂತ ಹಾರೋದು ಸುಲಭ. ರೈತನ ಎರಡು ಎಕರೆಗೆ ಈ ಉದಾರತೆ ಇಲ್ಲ. ಅವನಿಗೆ ಹದ ಸಿಗೋದು ಒಂದು ಮಳೆಗೆ ಮೂರು-ನಾಲ್ಕು ದಿನ, ಆ ಸಲ ತಪ್ಪಿದರೆ ಮುಂದಿನ ಮಳೆಗೆ ಆಕಾಶ ನೋಡಬೇಕು.

ಮೂರನೇದು ಹುರುಳಿ. ಅದನ್ನು ಎಷ್ಟೋ ಕಡೆ ಎರಚಿಯೇ ಬಿತ್ತುತ್ತಾರೆ, ಕಾಳು ತೂಕ, ಸಾಲಿನ ಹಂಗೂ ಇಲ್ಲ. ಮುಚ್ಚುವ ಪ್ರಶ್ನೆ ಇಲ್ಲೂ ಇದೆ, ಆದರೆ ರಾಗಿಯಷ್ಟು ಬಿಗಿ ಅಲ್ಲ. ಪ್ರಾಜೆಕ್ಟ್ ಮಾಡಲೇಬೇಕು ಅನ್ನೋರು ಇಲ್ಲಿಂದ ಶುರು ಮಾಡಬಹುದು.

ಸರ್ಕಾರದ ಕಡೆಯಿಂದ ಡ್ರೋನ್ ಹಳ್ಳಿಗೆ ಬರ್ತಾ ಇರೋದಂತೂ ನಿಜ. 2023ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಬೇಕು ಅಂತಿದೆ, ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಆ ಡ್ರೋನ್‌ಗಳ ಮುಖ್ಯ ಕೆಲಸ ದ್ರವ ಗೊಬ್ಬರ, ಔಷಧಿ ಸಿಂಪಡಣೆ. ಅದಕ್ಕೆ ಅವು ಸರಿಯಾದ ಯಂತ್ರವೇ. ಹಾರಿಸೋ ಜಾಗದ ಬಗ್ಗೆ 2021ರ ಡ್ರೋನ್ ನಿಯಮಗಳೂ ಇವೆ. ವಿಮಾನ ನಿಲ್ದಾಣದ ಸುತ್ತ 12 ಕಿ.ಮೀ. ತನಕ ಒಂದಲ್ಲ ಒಂದು ನಿರ್ಬಂಧ, ಹಸಿರು ವಲಯದಲ್ಲಿ 400 ಅಡಿ ತನಕ ಅನುಮತಿ ಬೇಡ. ಘಾಟಿ ದೇವನಹಳ್ಳಿ ಏರ್‌ಪೋರ್ಟ್‌ನಿಂದ ಆ 12 ಕಿ.ಮೀ.ಗಿಂತ ಎಷ್ಟೋ ಆಚೆ. ಆದರೂ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಎಲ್ಲೂ ಹಾರಿಸಬೇಡಿ.

ನನಗೆ ಅನ್ನಿಸೋದು ಇಷ್ಟು. ಘಾಟಿಯ ರಾಗಿ ಹೊಲಕ್ಕೆ ಬೇಕಾಗಿರೋದು ಡ್ರೋನ್‌ನ ರೆಕ್ಕೆ ಅಲ್ಲ, ಅದರ ತಲೆ. ಆರ್‌ಟಿಕೆ, ಬೀಜ ಎಣಿಸಿ ಬಿಡುವ ಮೋಟಾರ್, ದಾರಿ ನೆನಪಿಟ್ಟುಕೊಳ್ಳುವ ಕಂಟ್ರೋಲರ್, ಇವೆಲ್ಲವನ್ನೂ ನೆಲದ ಮೇಲೆ ತರಬೇಕು. ಪವರ್ ಟಿಲ್ಲರ್‌ಗೋ ಸಣ್ಣ ಎಲೆಕ್ಟ್ರಿಕ್ ಗಾಡಿಗೋ ನಾಲ್ಕು ತಾಳು ಕಟ್ಟಿ, ಮೂರು ತಾಳಿನಲ್ಲಿ ರಾಗಿ, ಒಂದರಲ್ಲಿ ಅಕ್ಕಡಿಗೆ ಅವರೆ. ಕಾಳು ಕೊಳವೆಯಿಂದ ಸಾಲಿಗೆ ಬೀಳೋದು ಅರ್ಧ ಅಡಿ, ಅಲ್ಲಿ ಗಾಳಿಗೆ ಕೆಲಸ ಇಲ್ಲ. ಹಿಂದೆ ಒಂದು ಸರಪಳಿ ಎಳೆದರೆ ಮುಚ್ಚುವ ಕೆಲಸವೂ ಆಯಿತು. ಬಿತ್ತಿದ ಸಾಲಿನ ಜಿಪಿಎಸ್ ದಾರಿ ಸೇವ್ ಆಗಿರೋದರಿಂದ ಮೂರು ವಾರದ ಮೇಲೆ ಅದೇ ಗಾಡಿಗೆ ಕುಂಟೆ ಕಟ್ಟಿ ಪೈರಿಗೆ ತಾಕದ ಹಾಗೆ ಕಳೆ ತೆಗೆಸಬಹುದು. ಡ್ರೋನ್‌ಗೆ ಆಗ ಮೇಲಿಂದ ಫೋಟೋ ತೆಗೆದು ಎಲ್ಲಿ ಮೊಳಕೆ ತಪ್ಪಿದೆ ಅಂತ ಹೇಳುವ ಕೆಲಸ ಕೊಡೋಣ. ವಿಡಿಯೋದಲ್ಲಿ ಇದು ಅಷ್ಟು ಚೆನ್ನಾಗಿ ಕಾಣಲ್ಲ ಅನ್ನೋದು ಒಪ್ಪಿದೆ.

ಈ ಲೆಕ್ಕಗಳನ್ನು ನಂಬಬೇಡಿ, ಅಳೆದು ನೋಡಿ. ಕಾಳನ್ನು ಗೋಳ ಅಂದುಕೊಂಡಿದ್ದೀನಿ, ಮಣ್ಣಿನ ತಡೆಯನ್ನು ಅಂದಾಜಿಗೆ ಇಟ್ಟಿದ್ದೀನಿ. ಗಾಳಿಯ ಭಾಗವನ್ನು ಪರೀಕ್ಷೆ ಮಾಡೋಕೆ ಡ್ರೋನೂ ಬೇಡ. ಕಾಲೇಜು ಗ್ರೌಂಡ್‌ನಲ್ಲಿ ಗ್ರೀಸ್ ಹಚ್ಚಿದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ 30 ಸೆಂ.ಮೀ.ಗೊಂದು ಗೆರೆ ಎಳೆಯಿರಿ. ಎರಡು ಮೀಟರ್ ಎತ್ತರದಿಂದ ಒಂದು ಪಿವಿಸಿ ಪೈಪಿನಲ್ಲಿ ನೂರು ಕಾಳು ಬಿಡಿ, ಒಮ್ಮೆ ಬೆಳಿಗ್ಗೆ ಆರಕ್ಕೆ, ಒಮ್ಮೆ ಮಧ್ಯಾಹ್ನ ಮೂರಕ್ಕೆ. ಅಂಟಿಕೊಂಡ ಕಾಳು ಎಲ್ಲೆಲ್ಲಿವೆ ಅಂತ ಎಣಿಸಿ, ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಿರಿ. ಆಮೇಲೆ ಪೈಪನ್ನು ಅರ್ಧ ಅಡಿಗೆ ಇಳಿಸಿ ಇನ್ನೊಂದು ಸಲ ಮಾಡಿ. ಕಾಲು ಕೆ.ಜಿ. ರಾಗಿ ಸಾಕು, ಹಾಸ್ಟೆಲ್ ಮೆಸ್‌ನಲ್ಲಿ ಕೇಳಿದರೆ ಕೊಡ್ತಾರೆ. ಹಿಟ್ಟು ಕೊಟ್ಟಾರು, ಕಾಳೇ ಬೇಕು ಅಂತ ಹೇಳಿ.